ಎರಡು ಹಿಡಿಕೆಯ ಲೋಟ

ಕುದಿಯುವ ನೀರು ಮಣಿಕಟ್ಟಿನ ಮೇಲೆ ಬಿದ್ದಾಗಲೂ ಅವಳು ಕೂಗಲಿಲ್ಲ. ಕೆಟಲನ್ನು ಮೇಜಿನ ಮೇಲಿಟ್ಟು, ಅದರ ಕುತ್ತಿಗೆಗೆ ಕಟ್ಟಿದ್ದ ಚೀಟಿಯ ಮೇಲೆ ‘ತಿರಸ್ಕೃತ’ ಎಂದು ಬರೆದಳು. ಆಮೇಲೆ ಕೈಯನ್ನು ತಣ್ಣೀರಿಗೆ ಒಡ್ಡಿದಳು.

ಅವಳ ಉದ್ಯೋಗವೇ ಅದು. ಮನೆಬಳಕೆಯ ಸಾಮಾನುಗಳನ್ನು ರೂಪಿಸುವ ಆ ಕಾರ್ಖಾನೆಯಲ್ಲಿ ಯಾವ ಹೊಸ ವಸ್ತುವೂ ಅವಳ ಪರೀಕ್ಷೆಯನ್ನು ದಾಟದೆ ಅಂಗಡಿಯ ಮುಖ ಕಾಣುತ್ತಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದವನು ಹೊಸದಾಗಿ ಸೇರಿದ ವಿನ್ಯಾಸಕಾರ. ಆ ಕೆಟಲು ಅವನ ಚೊಚ್ಚಲ ಕೃತಿ. ಅವನ ಮುಖ ಬಿಳಿಚಿಕೊಂಡಿತ್ತು.

"ನಾನೇ ಸರಿಯಾಗಿ ಹಿಡೀಲಿಲ್ವೇನೋ," ಎಂದಳು, ಅವನನ್ನು ನೋಡಲಾಗದೆ.

ಅವನು ಹತ್ತಿರ ಬಂದು, ಕೆಂಪಾದ ಮಣಿಕಟ್ಟನ್ನು ಮುಟ್ಟದೆ, ಬಹಳ ಹೊತ್ತು ನೋಡಿದ.

"ಇಲ್ಲ. ತಪ್ಪು ಹಿಡಿಕೆಯದ್ದು. ಕೈಯದ್ದಲ್ಲ."

ಅವಳು ತಲೆಯೆತ್ತಿದಳು. ಅದುವರೆಗೆ ಬಂದ ವಿನ್ಯಾಸಕಾರರೆಲ್ಲರೂ ಅವಳ ಕೈಯನ್ನೇ ದೂರಿದ್ದರು.

ಕೆಲವೇ ದಿನಗಳಲ್ಲಿ ಕೆಟಲು ಹೊಸ ಹಿಡಿಕೆಯೊಡನೆ ಮರಳಿತು. ಅವಳು ಬಗ್ಗಿಸಿದಳು. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ.

"ಈಗ ಹೇಗಿದೆ?"

"ಈಗ ಚಹಾ ಮಾಡಬಹುದು."

"ಇಬ್ಬರಿಗಾಗುವಷ್ಟು ಆಗತ್ತಾ?"

ಅವಳು ಎರಡು ಲೋಟ ಇಟ್ಟಳು.

ಅವರ ಪ್ರೀತಿ ಆರಂಭವಾದದ್ದು ಹೀಗೆ. ಅವಳನ್ನು ಸಾಕಿ ಬೆಳೆಸಿದ ಸೋದರತ್ತೆ ಅವನನ್ನು ಒಂದು ಸಂಜೆ ಮನೆಗೆ ಕರೆಸಿ, ನೂರೆಂಟು ಪ್ರಶ್ನೆ ಕೇಳಿ, ಕೊನೆಗೆ ಮದುವೆಗೆ ಒಪ್ಪಿಗೆ ಕೊಟ್ಟರು. ಅವನು ಹಿಂದುಮುಂದಿಲ್ಲದ ಒಂಟಿ ಹುಡುಗ; ತಂದೆತಾಯಿಯರಿಬ್ಬರೂ ತೀರಿಕೊಂಡಿದ್ದರು.

ಒಪ್ಪಿಗೆಯಾದ ಮೇಲೆ ಅವನು ರಜೆಯ ದಿನಗಳಲ್ಲಿ ಬಂದು ಆ ಮನೆಯ ಒಂದೊಂದೇ ವಸ್ತುವನ್ನು ತಿದ್ದತೊಡಗಿದ. ಅವಳ ಕೈಗೆಟುಕದ ಅಡುಗೆಮನೆಯ ಕಿಟಕಿಗೆ ಹಗ್ಗವನ್ನೂ ಪುಟ್ಟ ರಾಟೆಯನ್ನೂ ಜೋಡಿಸಿದ. ಭಾರದ ಪೆಟ್ಟಿಗೆಗೆ ಗಾಲಿ ಬಂತು. ಬಿಗಿಯಾದ ಮುಚ್ಚಳಗಳನ್ನು ತೆರೆಯಲು ಕಪಾಟಿನ ಅಂಚಿನಲ್ಲಿ ಹಲ್ಲಿನಂಥದೊಂದು ಕಬ್ಬಿಣದ ಕಚ್ಚು ಮೂಡಿತು.

ಮನೆಯಲ್ಲಿ ಈಗ ಯಾವುದೂ ಕಿರುಗುಟ್ಟುತ್ತಿರಲಿಲ್ಲ, ಎಲ್ಲಿಯೂ ಸಿಕ್ಕಿಕೊಳ್ಳುತ್ತಿರಲಿಲ್ಲ. ಆ ನಿಶ್ಶಬ್ದ ಅವಳಿಗೇಕೋ ಹಿತವೆನಿಸಲಿಲ್ಲ.

ಅವನೂ ಬದಲಾಗಿದ್ದ. ಬಲಗೈಯನ್ನು ಜೇಬಿನಿಂದ ಹೊರತೆಗೆಯುತ್ತಿರಲಿಲ್ಲ. ಕೆಲಸ ಮಾಡುವಾಗ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದ. ಮದುವೆಯ ದಿನದ ಮಾತೆತ್ತಿದರೆ, "ನೋಡೋಣ" ಎನ್ನುತ್ತಿದ್ದ. ಚಹಾ ತಂದರೆ, "ಬೇಡ, ಕುಡಿದೇ ಬಂದೆ" ಎನ್ನುತ್ತಿದ್ದ.

ಎಲ್ಲಿ ಕುಡಿದು ಬರುತ್ತಾರೆ? ಯಾರ ಮನೆಯಲ್ಲಿ...?

ಒಂದು ಮಧ್ಯಾಹ್ನ ಅತ್ತೆ ರಾಟೆಯ ಹಗ್ಗ ಎಳೆದು, ಕಿಟಕಿ ತೆರೆದುಕೊಂಡದ್ದನ್ನು ಕಂಡು ನಕ್ಕರು.

"ಭೇಷ್. ಅಲ್ವೇ ಹುಡುಗಿ, ಎಲ್ಲ ಇಷ್ಟು ಸಲೀಸು ಮಾಡಿಟ್ಟ ಮೇಲೆ ನಿನಗೆ ಗಂಡ ಯಾಕೆ ಬೇಕು? ಆ ಮಹಾರಾಯ ತನ್ನ ಹೊಟ್ಟೆ ಮೇಲೆ ತಾನೇ ಹೊಡ್ಕೊಂಡ ನೋಡು."

ಅವಳು ನಗಲಿಲ್ಲ.

ಕಿಟಕಿ, ಪೆಟ್ಟಿಗೆ, ಮುಚ್ಚಳ... ಅವಳ ದೃಷ್ಟಿ ಒಂದೊಂದರ ಮೇಲೂ ನಿಂತು ಮುಂದಕ್ಕೆ ಸರಿಯಿತು. ಯಾವ ಯಾವ ಕೆಲಸಕ್ಕೆ ಅವಳು ‘ಸ್ವಲ್ಪ ಬನ್ನಿ’ ಎಂದು ಅವನನ್ನು ಕರೆಯುತ್ತಿದ್ದಳೋ, ಅವನು ತಿದ್ದಿದ್ದು ಅವುಗಳನ್ನು ಮಾತ್ರ. ಇದು ಸಂಸಾರ ಹೂಡುವವನ ಸಿದ್ಧತೆಯಲ್ಲ.

ಭಗವಂತಾ, ಇವರು ಹೊರಟುಹೋಗುತ್ತಿದ್ದಾರೆ.

ಅವಳು ಸ್ಟೂಲು ಹತ್ತಿ ರಾಟೆಯನ್ನು ಬಿಚ್ಚತೊಡಗಿದಳು.

"ಅಯ್ಯೋ, ಚೆನ್ನಾಗಿರೋದನ್ನ ಯಾಕೆ ಕೀಳ್ತೀಯೇ?"

"ಕೊಟ್ಟವರಿಗೇ ವಾಪಸ್ ಕೊಟ್ಟು ಬರ್ತೀನಿ ಅತ್ತೆ."

ಅವನ ಕೋಣೆ ಮೂರನೆಯ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುತ್ತಿದ್ದಂತೆ ಒಳಗಿನಿಂದ ಲೋಹದ ಸದ್ದು ಕೇಳಿಸಿತು. ಮೇಜಿಗೆ ಚಮಚ ತಟತಟನೆ ಬಡಿದಂತೆ; ನಿಂತಂತೆ; ಮತ್ತೆ ಬಡಿದಂತೆ. ಬಾಗಿಲು ಓರೆಯಾಗಿತ್ತು. ಅವಳು ತಳ್ಳಿದಳು.

ಅವಳು ಶಂಕಿಸಿದ್ದಂತೆ ಬೇರೆ ಯಾವ ಹೆಣ್ಣೂ ಅಲ್ಲಿರಲಿಲ್ಲ.

ಮೇಜಿನ ತುಂಬ ಲೋಟಗಳು, ಚಮಚಗಳು. ಒಂದೇ ಹಿಡಿಕೆಯ ಅಗಲ ಬುಡದ ಲೋಟ, ಭಾರಕ್ಕೆಂದು ಸೀಸ ತುಂಬಿದ ಹಿಡಿಕೆಯ ಚಮಚ, ಅಂಚೆತ್ತಿದ ತಟ್ಟೆ. ಎಲ್ಲೆಲ್ಲೂ ಚೆಲ್ಲಿದ ನೀರು. ನಡುವೆ ಅವನು, ಎಡಗೈಯಿಂದ ಬಲಗೈಯನ್ನು ಅದುಮಿ ಹಿಡಿದಿದ್ದ. ಆದರೂ ಆ ಕೈ ನಡುಗುತ್ತಿತ್ತು, ಅವನ ಮಾತು ಕೇಳದ ಬೇರೊಂದು ಜೀವವೇ ಅದರೊಳಗೆ ಹೊಕ್ಕಂತೆ.

"ನೀನು ಬರಬಾರದಿತ್ತು," ಎಂದ.

ಅವಳು ರಾಟೆಯನ್ನು ಮೇಜಿನ ಮೇಲಿಟ್ಟಳು. "ಯಾವಾಗಿಂದ?"

"ಮೊದಲು ಗೆರೆ ಎಳೆಯುವಾಗ ಮಾತ್ರ ಇತ್ತು. ಈಗ ಲೋಟ ಎತ್ತಿದರೂ..." ಅವನು ಮುಖ ತಿರುಗಿಸಿದ. "ವೈದ್ಯರು ಹೇಳಿದ್ದಾರೆ. ಇದು ಹೋಗಲ್ಲ, ಹೆಚ್ಚಾಗತ್ತೆ. ಅಪ್ಪನಿಗೂ ಇತ್ತು. ಅಮ್ಮ ಅವರಿಗೆ ತಿನ್ನಿಸಿದಳು, ಅಂಗಿಯ ಗುಂಡಿ ಹಾಕಿದಳು... ಅಪ್ಪನ ಕೈಯಾಗಿಯೇ ಅಮ್ಮನ ಆಯುಸ್ಸು ಮುಗಿದುಹೋಯ್ತು. ನಿನಗೆ ಅದು ಬೇಡ."

"ಅದಕ್ಕೇ ನನ್ನ ಮನೇನ ಒಂಟಿಯಾಗಿ ಇರೋಕೆ ಅನುಕೂಲ ಮಾಡಿಟ್ರಾ?"

"ನಾನಿಲ್ಲ ಅಂತ ನಿನಗೆ ಎಲ್ಲೂ ಅನ್ನಿಸಬಾರದು ಅಂತ."

ಹೊರಗೆ ಬೆಳಕು ಕುಗ್ಗುತ್ತಿತ್ತು. ಅವಳ ಕಣ್ಣು ತುಂಬಿತ್ತು; ಆದರೂ ಬೆರಳುಗಳು ಅಭ್ಯಾಸಬಲದಿಂದ ಒಂದು ಚಮಚವನ್ನು ಎತ್ತಿ ತೂಗಿ ನೋಡಿದವು.

"ಇದರ ಭಾರವೆಲ್ಲ ಹಿಂದೆ ಬಿದ್ದಿದೆ. ಮುಂದಕ್ಕೆ ತರಬೇಕು," ಎಂದಳು. "ನೀವು ಮಾಡಿದ್ದೆಲ್ಲ ಪರೀಕ್ಷೆಗೆ ನನ್ನ ಹತ್ತಿರ ಬರತ್ತೆ. ಇವು ಯಾಕೆ ಬರಲಿಲ್ಲ?"

"ಪರೀಕ್ಷೆ ಮಾಡಿ ಏನು ಬರೀತೀಯಾ? ಕೈಯೇ ತಿರಸ್ಕೃತ ಅಂತಲಾ?"

ಅವಳು ಅವನ ಬಲಗೈಯನ್ನು ಎರಡೂ ಅಂಗೈಗಳ ನಡುವೆ ಹಿಡಿದಳು. ನಡುಕ ಅವಳ ಮೊಣಕೈವರೆಗೂ ಏರಿತು. ಅದು ನಿಲ್ಲುವುದಿಲ್ಲವೆಂದು, ಮುಂದೆ ಇನ್ನೂ ಬಲಿಯುವುದೆಂದು ಅವಳಿಗೆ ಆ ಕ್ಷಣವೇ ತಿಳಿಯಿತು. ಭಯವಾಯಿತು. ಆದರೂ ಬಿಡಲಿಲ್ಲ.

"ತಪ್ಪು ಹಿಡಿಕೆಯದ್ದು," ಎಂದಳು. "ಕೈಯದ್ದಲ್ಲ."

ಅವನು ಕೇಳಿದ: "ಯಾವ ಹಿಡಿಕೆಯೂ ಸಾಲದ ದಿನ ಬಂದರೆ?"

"ಬರತ್ತೆ. ಆ ದಿನ ಇಬ್ಬರೂ ಕೂತು ಬೇರೆ ಏನಾದ್ರೂ ಮಾಡೋಣ. ಅಲ್ಲಿವರೆಗೆ ಕಿಟಕಿ ತೆಗೆಯೋಕೆ ನೀವೇ ಬರಬೇಕು. ನಾನು ರಾಟೆ ಕಿತ್ತಿದ್ದೀನಿ."

"ಅತ್ತೆ ಏನಂದ್ರು?"

"ಮಹಾರಾಯನ ಹೊಟ್ಟೆಪಾಡು ಉಳೀತು ಅಂತಾರೆ ಬಿಡಿ."

ಅವನು ನಕ್ಕ; ನಗುತ್ತಲೇ ಅತ್ತ. ಅವಳು ಅಗಲ ಬುಡದ ಲೋಟಕ್ಕೆ ಅರ್ಧದಷ್ಟು ನೀರು ತುಂಬಿ ಅವನ ಮುಂದಿಟ್ಟಳು.

"ಇದಕ್ಕೆ ಇನ್ನೊಂದು ಹಿಡಿಕೆ ಬೇಕು."

"ನನ್ನ ಎಡಗೈಗಾ?"

"ಅಲ್ಲ," ಎಂದು ಅವಳು ಲೋಟದ ತನ್ನ ಕಡೆಗಿದ್ದ ಬದಿಗೆ ಬೆರಳಿಟ್ಟಳು. "ನಾನು ಈ ಕಡೆಯಿಂದ ಕುಡೀತೀನಿ."