ನೀಲಿಯ ಸರದಿ

ಕಲಿತಳು ಅಂದನಲ್ಲವೇ?

ಕಲಿತ ಅಂದಿರಬಹುದಾ? ಕಲಿತರು? ಇಲ್ಲ... ತನ್ನ ಕಿವಿ ಅಷ್ಟು ಕೆಟ್ಟಿಲ್ಲ. 'ನೀಲಿಗೂ ಮೊದಮೊದಲು ಇದೇ ಕಷ್ಟ ಆಗ್ತಿತ್ತು, ಆಮೇಲೆ ಬೇಗ ಕಲಿತಳು' ಅಂದ. ಅಂದು, ಏನೂ ಆಗಿಲ್ಲವೆಂಬಂತೆ ಅವಳ ಕೈಯಿಂದ ಮೌಸ್ ತೆಗೆದುಕೊಂಡು ಅವಳ ಸೈನಿಕರನ್ನು ತಾನೇ ಬೆಟ್ಟ ಹತ್ತಿಸತೊಡಗಿದ.

ಭಾನುವಾರದ ಮಧ್ಯಾಹ್ನ. ಅವನ ಮನೆಯ ಮೇಜು, ಪಕ್ಕಪಕ್ಕ ಎರಡು ಕುರ್ಚಿ, ಲ್ಯಾಪ್‌ಟಾಪಿನ ತುಂಬ ಒಂದು ನಕ್ಷೆ. ಒಬ್ಬರು ತಮ್ಮ ಪಡೆ ನಡೆಸಿ 'ಸರದಿ ಮುಗಿಸು' ಒತ್ತಿದ ಮೇಲೆ ಇನ್ನೊಬ್ಬರು ಆಡಬೇಕಾದ ಯುದ್ಧದ ಆಟ. ಅವನು ವರ್ಷಗಳಿಂದ ಆಡುತ್ತಿದ್ದ. ಅವಳು ಈಚೆಗೆ ಕಲಿಯಲು ಕೂತಿದ್ದಳು.

ಇಷ್ಟು ದಿನ ನೀಲಿಯ ಬಗ್ಗೆ ಅವನು ಆಡಿದ್ದೆಲ್ಲ ಬರೀ ಇಲ್ಲ, ಅಲ್ಲಗಳಲ್ಲಿ. ನೀಲಿ ಇನ್ನೂ ಆಡಿಲ್ಲ. ನೀಲಿ ಇವತ್ತು ಬಂದಿಲ್ಲ. ನೀಲಿ ಹಾಗೆಲ್ಲ ಮೋಸ ಮಾಡಲ್ಲ. ಇಲ್ಲ ಎನ್ನುವ ಮಾತಿಗೆ ಗಂಡು ಹೆಣ್ಣು ಇರುವುದಿಲ್ಲ. ಇಂಟರ್ನೆಟ್ಟಿನ ಆ ತುದಿಯಲ್ಲಿ ಅವನ ಎದುರು ನೀಲಿ ಬಣ್ಣದ ಪಡೆಯನ್ನು ಆಡಿಸುವವನು ಯಾರೋ ಹಳೇ ಸ್ನೇಹಿತ, ಬಹುಶಃ ಬೋಳುತಲೆಯವನು ಎಂದು ಅವಳು ತನ್ನಷ್ಟಕ್ಕೆ ಅಂದುಕೊಂಡಿದ್ದಳು.

ಒಂದು 'ಳು' ಬಂದು ಆ ಬೋಳುತಲೆಗೆ ಉದ್ದ ಕೂದಲು ಬೆಳೆಸಿಬಿಟ್ಟಿತು.

'ಯಾರು ಆಕೆ?' ಎಂದು ಕೇಳಬೇಕಿತ್ತು. ಅವಳು ಕೇಳಿದ್ದು ಬೇರೆ.

"ನನ್ನ ಸೈನಿಕರು ಯಾಕೆ ಸಾಯ್ತಿದಾರೆ? ಯಾರೂ ಹೊಡೀತಿಲ್ಲವಲ್ಲ."

"ಹಸಿವಿಗೆ. ಕಣಜದಿಂದ ತುಂಬ ದೂರ ನಿಲ್ಲಿಸಿದೀಯ. ಅಲ್ಲಿಗೆ ಊಟ ತಲುಪಲ್ಲ."

"ಮೊದಲೇ ಹೇಳಬಾರದಾ?"

"ಆಡ್ತಾ ಆಡ್ತಾ ಗೊತ್ತಾಗತ್ತೆ."

"ಅಷ್ಟರಲ್ಲಿ ಎಲ್ಲಾ ಸತ್ತಿರ್ತಾರೆ."

ಅವನು ನಕ್ಕ. ಆ ನಗು ಅವಳಿಗೆ ಇಷ್ಟ. ಇವತ್ತು ಆ ನಗುವಿನಲ್ಲೂ ಅವಳು ಏನನ್ನೋ ಹುಡುಕಿದಳು. ಬೇಗ ಕಲಿತವಳ ಜೊತೆಗೂ ಹೀಗೇ ನಗುತ್ತಿದ್ದನಾ? ಆಕೆಯ ಕೈಯಿಂದಲೂ ಹೀಗೇ ಮೌಸ್ ತೆಗೆದುಕೊಳ್ಳುತ್ತಿದ್ದನಾ? ಅಥವಾ ತೆಗೆದುಕೊಳ್ಳಬೇಕಾಗಿಯೇ ಬರಲಿಲ್ಲವೇನೋ...

ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಅವನು ಲಿಫ್ಟ್ ರಿಪೇರಿಯವನು. ಮೊದಲ ಸಲ ಅವನು ಅಂಗಡಿಗೆ ಬಂದಾಗ ಕನ್ನಡಕದ ಒಂದು ಕಡ್ಡಿ ಮುರಿದಿತ್ತು, ಕೈಯಲ್ಲಿ ಗ್ರೀಸ್ ಇತ್ತು. ಪರೀಕ್ಷೆಯ ಚೌಕಟ್ಟು ಅವನ ಮೂಗಿನ ಮೇಲೇರಿಸಿ ಅವಳು ಒಂದೊಂದೇ ಗಾಜು ಬದಲಾಯಿಸಿದ್ದಳು.

"ಇದು ಚೆನ್ನಾಗಿ ಕಾಣತ್ತಾ? ಇಲ್ಲಾ, ಇದಾ?"

"ಇನ್ನೊಂದು ಸಲ ತೋರಿಸ್ತೀರಾ?"

"ಇದಾ... ಅದಾ?"

"ಎರಡೂ ಒಂದೇ ಥರ ಕಾಣತ್ತೆ, ಮೇಡಂ."

"ಒಂದೇ ಥರ ಇರೋಕಾಗಲ್ಲ. ಯಾವುದಾದ್ರೂ ಒಂದು ಹೇಳಲೇಬೇಕು."

"ತಪ್ಪಾದ್ರೆ?"

"ತಪ್ಪಾದ್ರೆ ತಲೆನೋವು ಬರತ್ತೆ. ನನಗಲ್ಲ, ನಿಮಗೆ."

ಆ ದಿನ ಅವನು ಯಾವುದನ್ನೂ ಹೇಳದೆ ಎದ್ದುಹೋದ. ಮರುದಿನ ಬಂದ. ಅದರ ಮರುದಿನವೂ ಬಂದ. ಕನ್ನಡಕ ಆಯಿತು, ಕಾಫಿ ಆಯಿತು, ಮೇಡಂ ಹೋಗಿ 'ಏ ಕನ್ನಡಕ' ಬಂತು. ಹೋದ ವಾರ, ಅವಳನ್ನು ಮನೆತನಕ ಬಿಟ್ಟು ಹೊರಡುವಾಗ ಗೇಟು ಹಿಡಿದು ನಿಂತ.

"ನಾವು ಮದುವೆ ಆಗೋಣ್ವಾ? ಈಗಲೇ ಹೇಳಬೇಕು ಅಂತಿಲ್ಲ. ನಾನು ಆಡಿಯಾಯ್ತು... ಈಗ ನಿನ್ನ ಸರದಿ."

ಎರಡು ವಾರ ಬಿಟ್ಟು ಭಾನುವಾರ ಹೇಳುತ್ತೇನೆ ಅಂದಿದ್ದಳು. ಹೂಂ ಎನ್ನುವುದೇ ಇತ್ತು. ಸ್ವಲ್ಪ ಕಾಯಿಸೋಣ ಎಂಬ ಆಸೆಗೆ ಅಷ್ಟೆ.

ಈಗ ಆ ಭಾನುವಾರ ಹತ್ತಿರ ಬರುತ್ತಿತ್ತು. ನಡುವೆ ಒಬ್ಬಳು ನೀಲಿ ಬಂದು ಕೂತಿದ್ದಳು.

*

"ಆಟದ ಬಣ್ಣದ ಮೇಲೆ ಹೊಟ್ಟೆಕಿಚ್ಚು ಪಡೋಳನ್ನ ಇವತ್ತೇ ನೋಡಿದ್ದು," ಅಂದಳು ಅಕ್ಕ. ಅವಳು ಹೊಲಿಗೆ ಯಂತ್ರದ ಮುಂದೆ ಯಾರದೋ ಪರದೆಯ ಅಂಚು ಮಡಚುತ್ತಿದ್ದಳು. "ಅವನನ್ನೇ ಕೇಳು. ಬಾಯಿ ಇಲ್ವಾ?"

"ಕೇಳಿದ್ರೆ ಹೇಳಲ್ಲ. ಕೇಳಿದ್ದಕ್ಕೆಲ್ಲ ಸುಮ್ಮನಾಗಿಬಿಡ್ತಾನೆ."

"ಹಾಗಾದ್ರೆ ಆ ಲಿಫ್ಟಿನವನಿಗೆ ನೀನು ಹೂಂ ಅನ್ನೋದೂ ಬೇಡ. ಮಧ್ಯದಲ್ಲೇ ನಿಂತುಬಿಡೋ ಪೈಕಿ."

"ಅಕ್ಕಾ..."

"ಇಲ್ಲಾಂದ್ರೆ ಆಟ ಕಲಿತು ಅವಳನ್ನೇ ಸೋಲಿಸು. ಮುಖ ನೋಡು, ಆಗ್ಲೇ ಯುದ್ಧಕ್ಕೆ ಹೊರಟ ಹಾಗಿದೆ."

ಅಕ್ಕ ತಮಾಷೆಗೆ ಅಂದಿದ್ದಳು. ಅವಳು ನಿಜಕ್ಕೂ ಹೊರಟಳು.

ಕಲಿಯಲೆಂದು ಅವನು ತನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟಿದ್ದ. ಅದನ್ನು ಅವಳು ಅಂಗಡಿಗೂ ಒಯ್ದಳು. ಊಟದ ಹೊತ್ತಿಗೆ, ಗಾಜು ಅರೆಯುವ ಯಂತ್ರದ ಪಕ್ಕ, ಒಂದು ಕೈಯಲ್ಲಿ ಚಮಚ ಹಿಡಿದು, ಕಂಪ್ಯೂಟರನ್ನೇ ಎದುರಾಳಿ ಮಾಡಿಕೊಂಡು ಆಡಿದಳು. ಕಂಪ್ಯೂಟರಿನ ಪಡೆಯ ಬಣ್ಣವೂ ನೀಲಿಯೇ. ಅದು ಅವಳಿಗೆ ಅನುಕೂಲವೇ ಆಯಿತು, ಸಿಟ್ಟು ಹುಡುಕಿಕೊಂಡು ಹೋಗಬೇಕಿರಲಿಲ್ಲ.

ಆದರೆ ಸಿಟ್ಟಿನಿಂದ ಆಟ ಬರಲಿಲ್ಲ. ಗೋಡೆ ಕಟ್ಟಿದಳು, ಬಾವಿ ತೋಡಲು ಮರೆತಳು, ಊರಿನವರೇ ದಂಗೆ ಎದ್ದರು. ಕುದುರೆಗಳನ್ನು ಕೆಸರಿಗಿಳಿಸಿದಳು, ಅವು ಅಲ್ಲೇ ಉಳಿದವು. 'ಕಾವಲು' ಎಂದರೆ ಒಂದು, 'ವಿಶ್ರಾಂತಿ' ಎಂದರೆ ಇನ್ನೊಂದು. ಕಾವಲಿದ್ದವರು ಎಚ್ಚರವಾಗಿರುತ್ತಾರೆ, ವಿಶ್ರಾಂತಿಯಲ್ಲಿದ್ದವರು ಕತ್ತು ಕೊಯ್ದರೂ ಏಳುವುದಿಲ್ಲ. ಇದು ತಿಳಿಯುವಷ್ಟರಲ್ಲಿ ರಾಜಧಾನಿಯೇ ಹೋಗಿತ್ತು. ಒಮ್ಮೆಯಂತೂ ಒಂದು ಪಡೆಯನ್ನೂ ನಡೆಸುವ ಮೊದಲೇ, ಕೈ ತಗುಲಿ ಸರದಿ ಮುಗಿಯಿತು. ಹಿಂದಕ್ಕೆ ಹೋಗುವ ಗುಂಡಿ ಎಲ್ಲೂ ಇರಲಿಲ್ಲ.

'ಅತಿ ಸುಲಭ' ಎಂಬ ಮಟ್ಟದಲ್ಲಿ ಆಡುತ್ತಿದ್ದಳು. ಆ ಮಾತು ಪರದೆಯ ಮೂಲೆಯಲ್ಲಿ ಸದಾ ಕಾಣುತ್ತಿತ್ತು.

ಇಷ್ಟನ್ನೆಲ್ಲ ಆಕೆ ಬೇಗ ಕಲಿತಳಂತೆ. ಎಷ್ಟು ಬೇಗ? ಅವನ ಪಕ್ಕ ಎಷ್ಟು ಹತ್ತಿರ ಕೂತು?

*

ಗುರುವಾರ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಲ್ಯಾಪ್‌ಟಾಪ್ ತೆರೆದಾಗ ನೀಲಿಯ ಎದುರಿನ ಆಟವೊಂದು ತಾನಾಗಿ ತೆರೆದುಕೊಂಡಿತು. ನಕ್ಷೆ ಸ್ವಲ್ಪ ಬೇರೆ ಅನ್ನಿಸಿತು. ನಿನ್ನೆ ಎಲ್ಲೋ ಏನೋ ಒತ್ತಿರಬೇಕು ಅಂದುಕೊಂಡಳು. ಈ ಆಟದಲ್ಲಿ ಅವಳಿಗೆ ಯಾವುದೂ ಹಿಂದಿನ ದಿನದಂತೆ ಕಂಡಿರಲಿಲ್ಲ.

ಎರಡು ದೇಶಗಳ ನಡುವಿನ ಕಣಿವೆಯಲ್ಲಿ ಒಂದು ಪಡೆ ನಿಂತಿತ್ತು. ಪಕ್ಕದಲ್ಲಿ ಹಸಿವಿನ ಗುರುತು. ಕಣಜ ದೂರ, ಒಂದೇ ಒಂದು ಬಂಡಿ ಕಾಳು ದಾರಿಯಲ್ಲಿ.

ಅಯ್ಯೋ ಪಾಪ, ಅನ್ನಿಸಿತು. ಕಲಿತದ್ದರಲ್ಲಿ ಅವಳಿಗೆ ಗಟ್ಟಿಯಾಗಿ ನೆನಪಿದ್ದದ್ದು ಅದೊಂದೇ: ಹಸಿದವರನ್ನು ಕಣಜದ ಹತ್ತಿರ ಕರೆಸಬೇಕು. ಕರೆಸಿದಳು. ಸರದಿ ಮುಗಿಸಿದಳು.

ಕಂಪ್ಯೂಟರು ಥಟ್ಟನೆ ಆಡುತ್ತಿತ್ತು. ಇದು ಆಡಲಿಲ್ಲ.

ಅವಳು ಎರಡು ಚೌಕಟ್ಟುಗಳ ತಿರುಪು ಬಿಗಿ ಮಾಡಿ ಬಂದಳು. ನಕ್ಷೆಯ ಕೆಳಗೆ ಒಂದು ಸಾಲು ಮೂಡಿತ್ತು.

'ಯಾರಿದು?'

ಲ್ಯಾಪ್‌ಟಾಪ್ ಅವನದು. ಅದರಲ್ಲಿ ಅವನ ಆಟವೂ ಇತ್ತು. ಅವಳು ಆಡಿದ್ದು ಅವನ ಸರದಿ.

ಇನ್ನೊಂದು ಸಾಲು ಬಂತು. 'ಇದು ಅವನ ಆಟ ಅಲ್ಲ. ಆ ಕಣಿವೆಯಿಂದ ಅವನು ಪಡೆಯನ್ನ ಕದಲಿಸೋದೇ ಇಲ್ಲ.'

ಒಂದೇ ಒಂದು ನಡೆಯಿಂದ ಗೊತ್ತಾಯಿತಾ? ಅಷ್ಟೊಂದು ಬಲ್ಲಳಾ ಇವಳು ಅವನನ್ನು? ಮುಚ್ಚಿ ಎದ್ದುಹೋಗಬಹುದಿತ್ತು. ಅವಳು ಬೆರಳೂರಿ, ತನ್ನ 'ಳು'ವನ್ನೂ ಸೇರಿಸಿ ಬರೆದಳು.

'ಕಲಿಯುತ್ತಿರುವವಳು.'

ಆಮೇಲೆ,

'ಓ. ಕನ್ನಡಕದವರಾ?'

ಅವನು ಹೇಳಿದ್ದಾನೆ. ತನ್ನ ವಿಷಯ ಇವಳಿಗೆ ಹೇಳಿದ್ದಾನೆ. ಇವಳ ವಿಷಯ ತನಗೆ ಹೇಳಿಲ್ಲ. ಯಾವುದಕ್ಕೆ ಹೆಚ್ಚು ನೋಯಬೇಕೆಂದು ಅವಳಿಗೆ ತಿಳಿಯಲಿಲ್ಲ.

'ಆ ಪಡೆ ಅಲ್ಲಿ ಯಾಕೆ ನಿಂತಿತ್ತು?' ಬರೆದಳು.

'ಮುಂದೆ ಬಂದ್ರೆ ನನ್ನ ಊರಿನ ಮೇಲೆ ಯುದ್ಧ. ಹಿಂದೆ ಹೋದ್ರೆ ನಮ್ಮಿಬ್ಬರ ಆಟವೇ ಮುಗೀತು. ಅದಕ್ಕೇ ನಿಲ್ಲಿಸಿದ್ದ. ಸಾಯಬಾರದು ಅಂತ ಪ್ರತಿ ಸರದಿಗೂ ಒಂದು ಬಂಡಿ ಕಾಳು ಕಳಿಸ್ತಿದ್ದ. ನಾನೂ ಹೊಡೀಲಿಲ್ಲ.'

'ಯಾಕೆ?'

ಬಂದದ್ದು ಇಷ್ಟು:

'ಕರೆಸಿಕೊಂಡಿದ್ದು ಒಳ್ಳೇದೇ ಆಯ್ತು. ತುಂಬ ಹಸಿದಿದ್ದರು. ಆ ಬೆಟ್ಟದ ಮೇಲಿನ ಊರಿಗೆ ಒಂದು ಬಾವಿ ತೋಡಿ, ಅವನು ಯಾವಾಗಲೂ ಮರೀತಾನೆ.'

ಅವನೂ ಮರೆಯುತ್ತಾನಾ ಬಾವಿ ತೋಡಲು? ಅದನ್ನು ತನಗೆ ಹೇಳೇ ಇಲ್ಲ...

ಪರದೆ ಒಮ್ಮೆ ಮಂಕಾಗಿ, ನಡುವೆ ಆಟದ್ದೇ ಸಿದ್ಧ ಸಂದೇಶ ಬಂತು. 'ನೀಲಿ ಆಟವನ್ನು ಬಿಟ್ಟುಕೊಟ್ಟಿದೆ. ನೀವು ಗೆದ್ದಿದ್ದೀರಿ.'

ಬಿಟ್ಟುಕೊಟ್ಟಿದೆ. ಆಟಕ್ಕೆ ಎಲ್ಲ ಬಣ್ಣವೂ ಬಣ್ಣವೇ.

ಅವಳು ಗೆದ್ದ ಮೊದಲ ಆಟ ಅದು. ಅವಳಿಗೆ ಅಳು ಬಂತು.

*

ಸಂಜೆ ಅವನು ನೇರ ಕೆಲಸದಿಂದ ಬಂದ. ಗಾಜಿನ ಬಾಗಿಲು ತಳ್ಳಿ ಒಳಗೆ ಬಂದವನ ಮುಖ ನೋಡಿಯೇ ವಿಷಯ ತಿಳಿದಿದೆ ಎಂದು ಗೊತ್ತಾಯಿತು. ಕನ್ನಡಕದ ಕಡ್ಡಿ ಮತ್ತೆ ಸೊಟ್ಟಗಾಗಿತ್ತು. ಅವಳು ಕೈ ಚಾಚಿದಳು. ಅವನು ತೆಗೆದುಕೊಟ್ಟ.

"ನೀನೇ ಆಡಿದ್ದಾ?"

"ನನ್ನ ಆಟ ಅಂದ್ಕೊಂಡೆ. ನಿಜವಾಗ್ಲೂ." ಅವಳು ಕಡ್ಡಿಯನ್ನು ಬಿಸಿ ಗಾಳಿಗೆ ಹಿಡಿದಳು. "ಹಸಿದಿದ್ದರು."

"ಗೊತ್ತಿತ್ತು."

"ಗೊತ್ತಿದ್ದೂ ನಿಲ್ಲಿಸಿದ್ಯಾ?"

ಅವನು ಕೌಂಟರಿನ ಕನ್ನಡಿಯ ಕಡೆ ನೋಡಿದ. ಕನ್ನಡಕವಿಲ್ಲದ ಅವನಿಗೆ ಅಲ್ಲಿ ಏನೂ ಕಾಣುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಮದುವೆ ಆಗೋದು ಅಂತಿತ್ತು," ಅಂದ. "ಅವಳಿಗೆ ಬೇರೆ ಊರಲ್ಲಿ ಕೆಲಸ ಸಿಕ್ತು. ನಾನು ಬರ್ತೀನಿ ಅನ್ನಲಿಲ್ಲ, ಅವಳು ಬಾ ಅನ್ನಲಿಲ್ಲ. ಜಗಳ ಏನಿಲ್ಲ. ಜಗಳ ಆಗಿದ್ರೆ ಮುಗೀತಿತ್ತು. ಆಟ ಮಾತ್ರ ನಡೀತಾ ಇತ್ತು."

"ನನ್ನನ್ನ ಗೇಟ್ ಹತ್ರ ಕೇಳಿದಾಗಲೂ ಆ ಸೈನಿಕರು ಕಣಿವೇಲಿ ನಿಂತಿದ್ರಾ?"

"ಹೂಂ."

ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಅವಳು ಸಂತೋಷದಿಂದ ನಂಬುತ್ತಿದ್ದಳು.

"ಮತ್ತೆ ನನ್ನನ್ನ ಯಾಕೆ ಕೇಳಿದೆ? ನಾನೇನು ನಿನ್ನ ಇನ್ನೊಂದು ಬಂಡಿ ಕಾಳಾ?"

"ಅಲ್ಲ."

"ಅಲ್ಲ, ಇಲ್ಲ... ನಿನ್ನ ಬಾಯಲ್ಲಿ ಬರೀ ಅದೇ. ಒಂದು ಸಲ ಹೌದು ಅನ್ನೋ ಮಾತು ಹೇಳು."

ಅವಳು ಕಾದಳು. ಹೊರಗೆ ಯಾರೋ ಶೋಕೇಸಿನ ಚೌಕಟ್ಟುಗಳನ್ನು ನೋಡಿ ಮುಂದೆ ಹೋದರು.

"ಮಧ್ಯಾಹ್ನ ಫೋನಲ್ಲಿ ನೋಡಿದೆ," ಅಂದ ಕೊನೆಗೆ. "ಕಣಿವೆ ಖಾಲಿ ಇತ್ತು. ಲಿಫ್ಟಿನ ಕೆಳಗಿನ ಹಳ್ಳಕ್ಕಿಳಿದು ನಿಂತಿದ್ದೆ. ಸಿಟ್ಟು ಬರಬೇಕು ಅಂತ ಕಾದೆ. ಬರಲಿಲ್ಲ... ಹಸಿವಾಯ್ತು. ಸುಮಾರು ದಿನ ಆಗಿತ್ತು ಕಣೇ, ಹಾಗೆ ಹಸಿವಾಗಿ."

ಅವಳಿಗೆ ನಗು ಬಂತು. ಬರಬಾರದಿತ್ತು, ಬಂತು. ಅಳುವಿನ ಬೆನ್ನಿಗೇ ಇತ್ತೋ ಏನೋ.

"ಬಾ ಇಲ್ಲಿ," ಅಂದಳು.

ಒಳಗಿನ ಕೋಣೆಯ ಕುರ್ಚಿಯಲ್ಲಿ ಕೂರಿಸಿದಳು. ಎದುರು ಗೋಡೆಯ ಮೇಲೆ ಅಕ್ಷರಗಳ ಹಲಗೆ. ಪರೀಕ್ಷೆಯ ಚೌಕಟ್ಟನ್ನು ಅವನ ಮೂಗಿನ ಮೇಲೆ ಕೂರಿಸಿ ಒಂದು ಗಾಜು ಹಾಕಿದಳು. ತೆಗೆದು ಇನ್ನೊಂದು ಹಾಕಿದಳು. ಅವಳ ಮುಖ ಅವನಿಗೆ ಅಡ್ಡವಾಗಿತ್ತು. ಅವಳು ಸರಿಯಲಿಲ್ಲ.

"ಇದಾ... ಅದಾ?"

"ಇದು."

"ಇನ್ನೊಂದು ಸಲ ತೋರಿಸಲಾ?"

"ಬೇಡ. ಇದೇ."

"ತಪ್ಪಾದ್ರೆ ತಲೆನೋವು ಬರತ್ತೆ. ಈ ಸಲ ಇಬ್ಬರಿಗೂ."

"ಬರಲಿ."

ಅವಳು ಗಾಜು ತೆಗೆಯದೆ ನಿಂತಳು. ಉತ್ತರ ಹೇಳಬೇಕಿದ್ದ ಭಾನುವಾರ ಇನ್ನೂ ಬಂದಿರಲಿಲ್ಲ.

"ಹೂಂ, ಆಗೋಣ," ಅಂದಳು. "ನನ್ನ ಸರದಿ ಮುಗೀತು."

ಅವನು ಅವಳ ಕೈ ಹಿಡಿದುಕೊಂಡ. ಗ್ರೀಸಿನ ಕೈ. ಅವಳ ಬಿಳಿ ಕೋಟಿನ ತೋಳಿಗೆ ಕಪ್ಪು ಮೆತ್ತಿತು, ಇಬ್ಬರೂ ನೋಡಿದರು, ಯಾರೂ ಒರೆಸಲಿಲ್ಲ.

"ಮನೆಗೆ ಹೋಗಿ ಹೊಸ ಆಟ ಶುರು ಮಾಡೋಣ," ಅಂದ. "ನಾವಿಬ್ಬರೇ. ನಿನಗೆ ಯಾವ ಬಣ್ಣ?"

"ನೀಲಿ ಒಂದು ಬಿಟ್ಟು ಯಾವುದಾದ್ರೂ ಸರಿ. ಮತ್ತೆ, ನನ್ನ ಕೈಯಿಂದ ಮೌಸ್ ಕಿತ್ಕೊಂಡ್ರೆ ನೋಡು."

"ಕಿತ್ಕೊಳಲ್ಲ."

"ಮೊದಲು ಬಾವಿ ತೋಡು. ಯಾವಾಗಲೂ ಮರೀತೀಯಂತೆ."

ಅವನು ನಕ್ಕ. ಅದನ್ನು ಯಾರು ಹೇಳಿದರೆಂದು ಕೇಳಲಿಲ್ಲ.

ಆಮೇಲಿನ ವರ್ಷಗಳಲ್ಲಿ ಅವನು ಅವಳಿಗೆ ಅನೇಕ ಮಾತು ಹೇಳಿದ. ಹೌದು ಎನ್ನುವುದನ್ನೂ ಕಲಿತ. ನೀಲಿಯನ್ನು ಮರೆತಿದ್ದೇನೆ ಎಂದು ಮಾತ್ರ ಅವನು ಯಾವತ್ತೂ ಹೇಳಲಿಲ್ಲ.