ನಿಧಾನಕ್ಕೆ ನಡೆಯೋರು ಒಬ್ಬರಿದ್ದಾರೆ

ಅವಳ ಬಲಗಾಲಿನಲ್ಲಿ ಎರಡು ಬೆರಳು ಇರಲಿಲ್ಲ.

ಚಿಕ್ಕಂದಿನಲ್ಲಿ ಅಣ್ಣನ ಸೈಕಲ್ಲಿನ ಹಿಂದೆ ಕೂತಿದ್ದಾಗ ಚಕ್ರಕ್ಕೆ ಸಿಕ್ಕಿ ಹೋಗಿದ್ದವು. ಅವಳು ಅದನ್ನು ಮರೆತು ಎಷ್ಟೋ ಕಾಲವಾಗಿತ್ತು. ಮನೆಯವರು ಮರೆತಿರಲಿಲ್ಲ. ಬಕೆಟ್ ಎತ್ತಿದರೆ ಅಮ್ಮ ಓಡಿ ಬರುತ್ತಿದ್ದಳು, ಬಸ್ಸಿಗೆ ಕಾದರೆ ಅಣ್ಣ ಸ್ಕೂಟರ್ ತರುತ್ತಿದ್ದ. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ನಿಂತು ಒದ್ದೆ ಬೆಡ್‌ಶೀಟಿನ ಗಂಟು ಎಳೆಯುವವಳಿಗೆ ಮನೆಯಲ್ಲಿ ಮಾತ್ರ ಕಾಲಿರಲಿಲ್ಲ.

ಬೆಟ್ಟ ಹತ್ತಬೇಕು ಎಂದು ಹೊಳೆದದ್ದು ಆ ಸಿಟ್ಟಿಗೇ.

ಚಾರಣ ಸಂಘದವರು ಸೇರುತ್ತಿದ್ದದ್ದು ಪಂಕ್ಚರ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಮೇಜಿನ ಹಿಂದೆ ಕೂತಿದ್ದವನು ಬಸ್ ಡಿಪೋದಲ್ಲಿ ವೇಳಾಪಟ್ಟಿ ಮಾಡುವ ಗುಮಾಸ್ತ. ಸಂಘದಲ್ಲಿ ಅವನಿಗೆ ಟೈಂಟೇಬಲ್ ಎಂದೇ ಹೆಸರು. ಯಾವ ಗೆಸ್ಟ್‌ಹೌಸಿನಲ್ಲಿ ಊಟ ತಿಂಡಿ ಅಲ್ಲೇ ಮಾಡಿದರೆ ರೂಮು ಹೆಚ್ಚುಕಮ್ಮಿ ಪುಕ್ಕಟೆ, ಎಲ್ಲಿ ಬಿಸಿನೀರಿಗೂ ದುಡ್ಡು ಕೀಳುತ್ತಾರೆ, ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಅವಳು ಬಾಗಿಲಿಂದ ಮೇಜಿನವರೆಗೆ ಬರುವಷ್ಟರಲ್ಲಿ ಅವನ ಕಣ್ಣು ಅವಳ ನಡಿಗೆಯ ಮೇಲೆ ಬಿದ್ದಿತ್ತು.

"ಕಾಲಿಗೆ ಏನಾಗಿದೆ?" ಎಂದ, ಎಲ್ಲರ ಮುಂದೆ.

ಅವಳು ಬೂಟು ಬಿಚ್ಚಿದಳು. ಸಾಕ್ಸ್ ಬಿಚ್ಚಿದಳು. ಕುರ್ಚಿ ಎಳೆದು ಕೂತು, ಮೇಜಿನ ಮೇಲೆ ಹರಡಿದ್ದ ನಕ್ಷೆಯ ಮೇಲೆಯೇ ಕಾಲಿಟ್ಟಳು.

"ಎಣಿಸಿಕೊಳ್ಳಿ. ಆಮೇಲೆ ದಾರಿ ಹೇಳಿ."

ಯಾರೋ ಕಿಸಕ್ಕೆಂದರು. ಅವನ ಕಿವಿ ಕೆಂಪಾಯಿತು. ಆದರೆ ಕಾಲು ತೆಗೆಯಿರಿ ಅನ್ನಲಿಲ್ಲ. ಹಿಮ್ಮಡಿಯ ಸುತ್ತ ಪೆನ್ಸಿಲ್ ಓಡಿಸಿ ದಾರಿ ತೋರಿಸಿದ.

ಗೆಸ್ಟ್‌ಹೌಸುಗಳಲ್ಲಿ ಲೆಕ್ಕ ತಲೆಗಲ್ಲ, ರೂಮಿಗೆ. ಒಬ್ಬಳೇ ಹೋದರೆ ಇಬ್ಬರದ್ದು ಕಟ್ಟಬೇಕು, ಜೊತೆ ಹುಡುಕಿಕೊಳ್ಳಿ ಎಂದು ಸಂಘದವರು ಹೇಳಿದರು. ಯಾರಿಗೂ ರಜೆ ಇರಲಿಲ್ಲ.

"ನಾನು ಬರಬಹುದು," ಎಂದ ಟೈಂಟೇಬಲ್, ಕಿಟಕಿ ಕಡೆ ನೋಡುತ್ತಾ.

ಕೋಣೆಯಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಯಾಕೆಂದು ಅವಳಿಗೆ ತಿಳಿಯಲಿಲ್ಲ.

ಮುಂದಿನ ವಾರಗಳು ಡಿಪೋ ಕ್ಯಾಂಟೀನಿನಲ್ಲಿ ಕಳೆದವು. ದಾರಿಯ ನಡುವಿನ ಗೆಸ್ಟ್‌ಹೌಸಿನಲ್ಲಿ ನಿಲ್ಲದೆ ಒಂದೇ ದಿನಕ್ಕೆ ಬೆಟ್ಟದ ನೆತ್ತಿ ದಾಟಿ ಆ ಕಡೆಯ ಗೆಸ್ಟ್‌ಹೌಸಿಗೆ ಇಳಿಯಬೇಕು ಎಂದು ಅವಳು ಹಟ ಹಿಡಿದಳು. ಒಂದು ರಾತ್ರಿಯ ಖರ್ಚೂ ಉಳಿಯುತ್ತದೆ. ಅವನು ಟೀ ಲೋಟವನ್ನು ತಿರುಗಿಸುತ್ತಾ ಆಗಲಿ ಎಂದ. ಅವಳು ಹೇಳಿದ್ದಕ್ಕೆ 'ನಿನ್ನ ಕೈಲಾಗುತ್ತಾ' ಎನ್ನದ ಮೊದಲ ಮನುಷ್ಯ! ಆ ಸಂಜೆ ಮನೆಗೆ ನಡೆದೇ ಹೋದಳು. ಸುಮ್ಮಸುಮ್ಮನೆ ನಗು ಬರುತ್ತಿತ್ತು...

ಮನೆಯಲ್ಲಿ ರಂಪವಾಯಿತು.

"ಗಂಡಸಿನ ಜೊತೆ ಒಂದೇ ರೂಮಾ?" ಎಂದಳು ಅಮ್ಮ.

"ಎರಡು ಮಂಚ ಇರುತ್ತಮ್ಮಾ."

"ಮಂಚ ಎಷ್ಟಿದ್ರೇನೇ, ಬಾಗಿಲು ಒಂದೇ ಅಲ್ವಾ?"

ಅಣ್ಣ ಅವಳ ಕಾಲಿನ ಮಾತೆತ್ತಿದ. ಅವಳು ಚೀಲ ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಸೈಕಲ್ಲಲ್ಲಿ ಒಂದು ಸಲ ಗಾಯ ಆಯ್ತು ಅಣ್ಣ. ನೀನು ದಿನಾ ಕೆರೀತಾ ಇದೀಯ."

ಬಸ್ಸು ಕೊನೆಯ ನಿಲ್ದಾಣದಲ್ಲಿ ಇಳಿಸಿದ ಸಂಜೆ ಮೊದಲ ಗೆಸ್ಟ್‌ಹೌಸ್ ಸೇರಿದರು. ಅವನು ಸ್ನಾನಕ್ಕೆ ಹೋಗಿದ್ದ. ಒಲೆಯ ಮುಂದಿದ್ದ ಮನೆಯೊಡತಿ ಅವಳ ಕಾಲನ್ನೇ ನೋಡುತ್ತಾ ಮರುಕದಿಂದ ಅಂದಳು.

"ನಾಳೆ ನಡುವಿನ ಮನೇಲೇ ಉಳ್ಕೊಳ್ಳಿ ತಾಯಿ. ನಿಮ್ಮವರು ಹೋದ ವಾರವೇ ಫೋನ್ ಮಾಡಿ ಅಲ್ಲೂ ರೂಮು ಹೇಳಿಸಿದ್ರು. ನಿಧಾನಕ್ಕೆ ನಡೆಯೋರು ಒಬ್ಬರಿದ್ದಾರೆ ಅಂತ."

ಅವಳ ಕೈಯಲ್ಲಿದ್ದ ತುತ್ತು ಅಲ್ಲೇ ಉಳಿಯಿತು.

ಇವನೂ ಅಷ್ಟೇ. ಎದುರಿಗೆ ಆಗಲಿ ಎಂದು ತಲೆಯಾಡಿಸಿ, ಹಿಂದಿನಿಂದ ಸ್ಕೂಟರ್ ತರುವವನು. ಅಣ್ಣನಾದರೂ ಮುಖಕ್ಕೇ ಹೇಳುತ್ತಿದ್ದ.

ಬೆಳಗ್ಗೆ ಅವನು ಏಳುವ ಮೊದಲೇ ಹೊರಟಳು. ಕಲ್ಲಿನ ಮೆಟ್ಟಿಲು, ಜಾರುಮಣ್ಣು, ಮತ್ತೆ ಕಲ್ಲು. ಕಾಲು ಉರಿಯಿತು. ಉರಿಯಲಿ. ಬಿಸಿಲು ನೆತ್ತಿಗೇರುವ ಮೊದಲೇ ನಡುವಿನ ಗೆಸ್ಟ್‌ಹೌಸಿನ ಅಂಗಳದಲ್ಲಿದ್ದಳು. ಬಂದವನ ಮುಖಕ್ಕೆ ನಾಲ್ಕು ಮಾತು ಎಸೆದು ಮುಂದೆ ಹೋಗಬೇಕೆಂದು ಕಾದಳು. ಅವನು ಬರಲಿಲ್ಲ. ಹೊತ್ತು ಇಳಿಯಿತು. ಕೆಳಗಿನಿಂದ ಸಾಮಾನು ಹೊತ್ತು ಬಂದವರು, ಒಬ್ಬರು ದಾರಿಯಲ್ಲಿ ಕೂತಿದ್ದಾರೆ, ಮೇಲೂ ಬರಲ್ಲ ಕೆಳಗೂ ಹೋಗಲ್ಲ ಎಂದರು.

ಅವಳು ಬೈಯುತ್ತಲೇ ಇಳಿದಳು.

ಅವನು ಮೆಟ್ಟಿಲ ಮೇಲೆ ಕೂತಿದ್ದ. ಪ್ಯಾಂಟು ಮೇಲಕ್ಕೆ ಮಡಚಿತ್ತು. ಮಂಡಿಗೆ ಸುತ್ತಿದ್ದ ಪಟ್ಟಿಯ ಮೇಲೂ ಕೆಳಗೂ ಊದಿಕೊಂಡಿತ್ತು. ಹಳೆಯ ಪೆಟ್ಟು ಎಂದು ನೋಡಿದರೇ ತಿಳಿಯುತ್ತಿತ್ತು.

"ನಿಧಾನಕ್ಕೆ ನಡೆಯೋರು..." ಅವಳು ಅವನ ಮಂಡಿಯನ್ನೇ ನೋಡಿದಳು.

"ನಾನೇ," ಎಂದ.

ಇಷ್ಟು ವರ್ಷ ಊರಿಗೆಲ್ಲ ದಾರಿ ಹೇಳಿದವನು ಒಂದು ಗುಡ್ಡವನ್ನೂ ಹತ್ತಿರಲಿಲ್ಲ. ಗೆಸ್ಟ್‌ಹೌಸಿನವರೆಲ್ಲ ಅವನಿಗೆ ಫೋನಿನಲ್ಲೇ ಪರಿಚಯ. ಸಂಘದವರಿಗೆಲ್ಲ ಅದು ಗೊತ್ತಿತ್ತು, ಅವಳಿಗೆ ಮಾತ್ರ ಯಾರೂ ಹೇಳಿರಲಿಲ್ಲ.

"ನನಗೆ ಹೇಳೋಕೆ ಏನು ಧಾಡಿ?"

"ಎಲ್ಲರ ಮುಂದೆ ನಿಮ್ಮ ಕಾಲು ಕೇಳಿದವನು ನಾನು. ನೀವು ಬೂಟು ಬಿಚ್ಚಿದ್ರಿ. ನನ್ನ ಕೈಲಿ ಪ್ಯಾಂಟು ಮಡಚೋಕಾಗಲಿಲ್ಲ." ಮಂಡಿಯ ಪಟ್ಟಿ ಸರಿಮಾಡಿಕೊಳ್ಳುತ್ತಾ ಅಂದ. "ಹೇಳಿದ್ರೆ ಬೇರೆ ಜೊತೆ ಹುಡುಕ್ತಿದ್ರಿ. ನನಗೆ ನಿಮ್ಮ ಜೊತೆ ಬರಬೇಕಿತ್ತು."

ಅವಳಿಗೆ ಸಿಟ್ಟು ಇಳಿಯಲಿಲ್ಲ. ಸಿಟ್ಟಿನ ಪಕ್ಕದಲ್ಲೇ ಇನ್ನೇನೋ ಬಂದು ಕೂತಿತು. ಅವನ ಚೀಲವನ್ನೂ ಹೆಗಲಿಗೇರಿಸಿ, ತೋಳು ಕೊಟ್ಟಳು. ಕತ್ತಲಾಗುವ ಮೊದಲು ಇಬ್ಬರೂ ನಡುವಿನ ಮನೆ ಸೇರಿದರು.

ಅವನಿಗೋಸ್ಕರ ಬೆಟ್ಟ ಬಿಡುವ ಪೈಕಿಯಲ್ಲ ಅವಳು. ಬೆಳಗ್ಗೆ ಹಾಗೆಂದು ಹೇಳಿಯೇ ಹೊರಟಳು. ನೀವು ಬಿಟ್ಟಿದ್ದರೆ ನಾನೇ ತಳ್ಳುತ್ತಿದ್ದೆ ಎಂದ ಅವನು. ಆ ಕಡೆ ಇಳಿದರೆ ಅಲ್ಲಿಂದಲೇ ಬಸ್ಸು ಸಿಗುತ್ತದೆ, ನನಗೆ ಕಾಯಬೇಡಿ ಎಂದು ಹೊತ್ತನ್ನೂ ಹೇಳಿದ.

ನೆತ್ತಿಯ ಮೇಲೆ ಗಾಳಿ ನಿಲ್ಲಗೊಡಲಿಲ್ಲ. ಅವಳು ನಿಂತಳು. ಒಂದು ಕಡೆ ಬಂದ ದಾರಿ, ಇನ್ನೊಂದು ಕಡೆ ಬಸ್ಸಿನ ದಾರಿ. ಬಹಳ ಹೊತ್ತು ಯೋಚಿಸಲಿಲ್ಲ.

ಅವನು ನಡುವಿನ ಮನೆಯ ಅಂಗಳದಲ್ಲಿ ಅಲ್ಲಿಯವರಿಗೆ ಆಲೂಗಡ್ಡೆ ಸುಲಿದುಕೊಡುತ್ತಾ ಕೂತಿದ್ದ. ಅವಳನ್ನು ಕಂಡು ಚಾಕು ಕೆಳಗಿಟ್ಟ.

"ಆ ಕಡೆ ಇಳಿಯಲಿಲ್ವಾ?"

"ತುಂಬಾ ಚೆನ್ನಾಗಿತ್ತು. ಯಾರಿಗಾದ್ರೂ ಹೇಳೋಣ ಅಂತ ತಿರುಗಿದೆ, ನೀವಿರಲಿಲ್ಲ."

ಅವನು ಒದ್ದೆ ಕೈಯನ್ನು ಶರಟಿಗೆ ಒರೆಸಿಕೊಂಡ. "ಊರಿಗೆ ಹೋದ ಮೇಲೆ ನಿಮ್ಮಮ್ಮನ್ನ ಕೇಳ್ಲಾ? ಮಗಳನ್ನ ಕೊಡ್ತೀರಾ ಅಂತ."

"ನನ್ನನ್ನ ಯಾರೂ ಯಾರಿಗೂ ಕೊಡೋದು ಬೇಡ. ನನ್ನನ್ನೇ ಕೇಳಿ."

ಕೇಳಿದ.

"ಹೂಂ," ಎಂದಳು. "ಸ್ವಲ್ಪ ಆ ಕಡೆ ಸರೀರಿ, ಇನ್ನೊಂದು ಚಾಕು ಎಲ್ಲಿದೆ?"

ಆ ಪ್ರಯಾಣದಲ್ಲಿ ಕಳೆದದ್ದು ಇಷ್ಟು: ಆ ಕಡೆಯ ಗೆಸ್ಟ್‌ಹೌಸಿಗೆ ಕಟ್ಟಿದ್ದ ಮುಂಗಡ, ಗಾಳಿಗೆ ಹಾರಿದ ಒಂದು ಟೋಪಿ, ಅವಳ ಕಾಲಿನ ಒಂದು ಉಗುರು.