ದಿಬ್ಬದ ಮಗುವಿನ ಹಸಿರು ಮಣಿ

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅಮೆರಿಕದ ಸ್ಯಾನ್ ಹೊಸೆಯ ಪೊಲೀಸ್ ಠಾಣೆಗೆ ದೂರು ಬಂತು. ಖಾಸಗಿ ಮ್ಯೂಸಿಯಮ್ಮೊಂದರಲ್ಲಿ ಜಪಾನಿನ ಪ್ರಾಚೀನ ಸಮಾಧಿ ದಿಬ್ಬದ ಮಣಿಯೊಂದು ಕಾಣೆಯಾಗಿತ್ತು. ಗೇರುಬೀಜದಂತೆ ಬಾಗಿದ ಹಸಿರು ಕಲ್ಲು. ಸಾವಿರದೈನೂರು ವರ್ಷಗಳ ಹಿಂದೆ ಸತ್ತ ಮಗುವೊಂದರ ಜೊತೆ ಇಟ್ಟದ್ದು.

ಪತ್ತೇದಾರ ಮುಕರ್ರಮ್ ಗಾಜಿನ ಪೆಟ್ಟಿಗೆ ನೋಡಿ ಮಹಜರು ಬರೆದ. ಬೀಗ ಮುರಿದಿರಲಿಲ್ಲ. ಪಕ್ಕದಲ್ಲೇ ಇದ್ದ ದುಬಾರಿ ಕಂಚಿನ ಕನ್ನಡಿಯನ್ನು ಕಳ್ಳ ಕಣ್ಣೆತ್ತಿಯೂ ನೋಡಿರಲಿಲ್ಲ. ಎಂಥ ಪೆದ್ದು ಕಳ್ಳನಪ್ಪ ಎಂದು ಮುಕರ್ರಮನಿಗೆ ನಗು ಬಂತು.

"ಕೀ ಯಾರ ಹತ್ರ ಇರುತ್ತೆ, ಮೇಡಂ?"

"ನನ್ ಹತ್ರ ಒಂದು, ಇನಾಯತುಲ್ಲಾ ಹತ್ರ ಒಂದು," ಎಂದರು ಮುಖ್ಯಸ್ಥೆ, ಮೈಸೂರಿನ ನಿರುಪಮಾ. "ಹಳೇ ವಸ್ತುಗಳನ್ನ ಕ್ಲೀನ್ ಮಾಡೋರು ಅವ್ರೇ. ನಿನ್ನೆ ಒಬ್ರೇ ಬಂದಿದ್ರು. ಇವತ್ತು ಲೀವು."

ಇನಾಯತುಲ್ಲಾನ ಅಪಾರ್ಟ್‌ಮೆಂಟಿನ ಬಾಗಿಲು ತೆರೆದವಳು ಅವನ ಹೆಂಡತಿ ಆಬಿದಾ.

"ಎಲ್ಲಿ ಹೋಗಿದಾರೆ?"

"ಖಬರಸ್ತಾನಕ್ಕೆ. ನಿನ್ನೇನೂ ಹೋಗಿದ್ರು. ನಮ್ ಪಾಪು ಹೋಗಿ ನಿನ್ನೆಗೆ ಒಂದು ವರ್ಷ ಆಯ್ತಣ್ಣ."

ಮುಕರ್ರಮನಿಗೆ ತನ್ನ ನಗುವಿನ ಬಗ್ಗೆ ನಾಚಿಕೆಯಾಯಿತು.

ಇನಾಯತುಲ್ಲಾ ಪುಟ್ಟ ಗೋರಿಯೊಂದರ ಮುಂದೆ ಕೂತಿದ್ದ.

"ಭಾಯ್, ಮಣಿ ಎಲ್ಲಿ?"

ಅವನು ಗೋರಿಯ ಮಣ್ಣು ತೋರಿಸಿದ. "ಮ್ಯೂಸಿಯಮ್ಮಲ್ಲಿ ವಾಪಸ್ ಇಡೋಣ ಅಂತಾನೇ ಇವತ್ತು ಬಂದೆ. ತೆಗೆಯಕ್ಕೆ ಕೈ ಬರ್ತಿಲ್ಲ. ನೀವೇ ತೆಗೀರಿ."

ಮುಕರ್ರಮ್ ಮನಸ್ಸಿನಲ್ಲೇ ಮಗುವಿನ ಕ್ಷಮೆ ಕೇಳಿ, ಕೈಗವಸು ತೊಟ್ಟು ಮಣ್ಣು ಕೆದಕಿದ. ಮೇಲೇ ಸಿಕ್ಕ ಮಣಿಯನ್ನು ಫೋಟೊ ತೆಗೆದು, ಕವರಿಗೆ ಹಾಕಿ ಮೊಹರು ಮಾಡಿದ. ಮಣ್ಣನ್ನು ಮತ್ತೆ ಸಮ ಮಾಡುವಾಗ ತಾನೇ ಕಳ್ಳನೆನಿಸಿತು. ಆಮೇಲೆ ಕಾನೂನಿನ ಹಕ್ಕುಗಳನ್ನು ಓದಿ ಹೇಳಿ, ಇನಾಯತುಲ್ಲಾನನ್ನು ಬಂಧಿಸಿದ.

"ಯಾಕೆ ಮಾಡಿದ್ರಿ?"

"ಮಣ್ಣು ಮಾಡೋ ದಿನ ಪಾಪು ಕೈಯಲ್ಲಿ ಕರಿಮಣಿ ಬಳೆ ಇತ್ತು. ಅದು ಹಾಗೇ ಇರ್ಲಿ ಅಂತ ಆಬಿದಾ ಬೇಡ್ಕೊಂಡ್ಲು. ಕಫನ್ ಬಟ್ಟೆ ಬಿಟ್ಟು ಏನೂ ಇಡಂಗಿಲ್ಲ ಅಂತ ಗದರಿಸಿ ಬಿಚ್ಚಿಸ್ದೆ. ಈ ಮಣೀನ ಯಾವ್ದೋ ತಾಯಿ ಇಟ್ಟಿದ್ಲು. ಅವಳಿಗೆ ಯಾರೂ ಬೇಡ ಅಂದಿರ್ಲಿಲ್ಲ. ನಮ್ ಪಾಪುಗೂ ಒಂದಿರ್ಲಿ ಅನ್ನಿಸ್ತು. ಈಗ ನೋಡಿ, ಆ ಮಗೂದು ಕಿತ್ಕೊಂಡಂಗಾಯ್ತು."

ನಿಯಮದಂತೆ ಮುಕರ್ರಮ್ ಅವನ ಜೇಬುಗಳನ್ನು ತಪಾಸಣೆ ಮಾಡಿದ. ಫೋನು, ಕಾರಿನ ಕೀ. ಅಂಗಿಯ ಜೇಬಿನಲ್ಲಿ ಎರಡು ಬೆರಳಷ್ಟೇ ತೂರುವಷ್ಟು ಪುಟ್ಟದೊಂದು ಕರಿಮಣಿ ಬಳೆ ಸಿಕ್ಕಿತು.

"ಇದನ್ನೇ ಇಡಬಹುದಿತ್ತಲ್ಲ, ಭಾಯ್?"

ಇನಾಯತುಲ್ಲಾ ತಲೆ ತಗ್ಗಿಸಿದ.

"ಇಟ್ಟಿದ್ರೆ ನನ್ ಹತ್ರ ಏನ್ ಉಳೀತಿತ್ತು? ಅವತ್ತು ಬಿಚ್ಚಿಸಿದ್ದೂ ಅದಕ್ಕೇನೇ. ಆಬಿದಾಗೆ ಮಾತ್ರ ಹೇಳ್ಬೇಡಿ."